ಅರಸು ನೆನಪು ಪಹಣಿಯಲ್ಲಿದೆ

ಆಗಸ್ಟ್ 20 ಬಂದರೆ ದೇವರಾಜ ಅರಸು ಅವರ ಭಾವಚಿತ್ರಕ್ಕೆ ಹಾರ ಬೀಳುತ್ತದೆ. ವಿಧಾನಸೌಧದ ಆವರಣದ ಪ್ರತಿಮೆಗೆ ಮಾಲಾರ್ಪಣೆ, ಜಿಲ್ಲಾ ಕೇಂದ್ರಗಳಲ್ಲಿ ಸರ್ಕಾರಿ ಜಯಂತಿ, ವೇದಿಕೆಯ ಮೇಲೆ ಸಾಲು ಸಾಲು ಭಾಷಣ. ಅಂದೇ ರಾಜೀವ್ ಗಾಂಧಿಯವರ ಹುಟ್ಟುಹಬ್ಬವೂ ಇರುವುದರಿಂದ ಕಾಂಗ್ರೆಸ್ಸಿನವರು ಇಬ್ಬರನ್ನೂ ಒಟ್ಟಿಗೇ ನೆನೆಯುತ್ತಾರೆ. ಅರಸು ತೀರಿಕೊಂಡ ಜೂನ್ 6 ಮಾತ್ರ ಹೆಚ್ಚು ಸದ್ದಿಲ್ಲದೆ ಕಳೆದುಹೋಗುತ್ತದೆ. 1982ರ ಆ ದಿನ ಅವರ ಕೈಯಲ್ಲಿ ಅಧಿಕಾರವಿರಲಿಲ್ಲ. ತಮ್ಮ ಹೆಸರಿನಿಂದಲೇ ಗುರುತಾಗಿದ್ದ ರಾಷ್ಟ್ರೀಯ ಪಕ್ಷ ಬೇರೆಯವರ ಪಾಲಾಗಿತ್ತು. ಹೊಸದಾಗಿ ಕಟ್ಟಲು ಹೊರಟಿದ್ದ ಕರ್ನಾಟಕ ಕ್ರಾಂತಿರಂಗ ಇನ್ನೂ ವಿಧಾನಸಭಾ ಚುನಾವಣೆ ಕಂಡಿರಲಿಲ್ಲ. ಅವರಿಗೆ ಆಗ 66 ವರ್ಷ.

ಹುಣಸೂರು ತಾಲ್ಲೂಕಿನ ಕಲ್ಲಹಳ್ಳಿಯಿಂದ ಬಂದು ಎರಡು ಅವಧಿಯಲ್ಲಿ ಏಳು ವರ್ಷಕ್ಕೂ ಮಿಕ್ಕಿ ರಾಜ್ಯ ಆಳಿದ ಈ ನಾಯಕನ ಹೆಸರು ಇಂದು ಹಲವು ಕಡೆ ಇದೆ. ಮೈಸೂರಿನ ಅರಸು ರಸ್ತೆಯ ಅಂಗಡಿ ಸಾಲು ಎಲ್ಲರಿಗೂ ಗೊತ್ತು. ಕೋಲಾರದ ಟಮಕದಲ್ಲಿ ಅವರ ಅನುಯಾಯಿ ಆರ್.ಎಲ್. ಜಾಲಪ್ಪ ಮುಂದೆ ನಿಂತು ಕಟ್ಟಿದ ವೈದ್ಯಕೀಯ ಕಾಲೇಜಿಗೆ ಅವರದೇ ಹೆಸರು. ಹಿಂದುಳಿದ ವರ್ಗಗಳ ಅಭಿವೃದ್ಧಿ ನಿಗಮಕ್ಕೂ ಅದೇ. ಆದರೂ ಅರಸು ನಿಜವಾಗಿ ಉಳಿದಿರುವ ಜಾಗ ಕರಾವಳಿ ಮತ್ತು ಮಲೆನಾಡಿನ ಸಾವಿರಾರು ಮನೆಗಳ ಕಬ್ಬಿಣದ ಪೆಟ್ಟಿಗೆ. ಅಲ್ಲಿ ಮಡಚಿಟ್ಟ ಒಂದು ಹಳೆಯ ಕಾಗದವಿರುತ್ತದೆ: ಭೂ ನ್ಯಾಯಮಂಡಳಿಯ ಆದೇಶದ ಮೇಲೆ ಕೊಟ್ಟ ಫಾರಂ ನಂಬರ್ 10, ಅಧಿಭೋಗದಾರಿಕೆಯ ಪತ್ರ. ಆ ಕಾಗದ ಬಂದ ಮೇಲೆ ಪಹಣಿಯಲ್ಲಿ ಧಣಿಯ ಹೆಸರು ಹೋಗಿ ಒಕ್ಕಲಿನ ಹೆಸರು ಬಂತು.

ಆ ಹೆಸರು ಹೇಗೆ ಬದಲಾಯಿತು ಎಂಬುದನ್ನು ತಿಳಿಯದೆ ಅರಸು ಅವರನ್ನು ಹೊಗಳುವುದು ಸುಲಭ. ಬಹುತೇಕ ಭಾಷಣಗಳು ಮಾಡುವುದು ಅದನ್ನೇ. ‘ಉಳುವವನೇ ಹೊಲದೊಡೆಯ’ ಎಂಬ ಘೋಷಣೆಗೆ ಚಪ್ಪಾಳೆ ಬೀಳುತ್ತದೆ, ಸಭೆ ಮುಗಿಯುತ್ತದೆ. ಅರಸು ದೊಡ್ಡವರಾದದ್ದು ಆ ಘೋಷಣೆಯನ್ನು ಕಚೇರಿಯ ಕೆಲಸವಾಗಿ ಇಳಿಸಿದ್ದರಿಂದ.

ಗೇಣಿ ಶಾಸನ ಅದಕ್ಕೆ ಮೊದಲೂ ಇತ್ತು. ರಾಜ್ಯ ಒಂದಾದ ಮೇಲೆ ಬಿ.ಡಿ. ಜತ್ತಿ ಅಧ್ಯಕ್ಷತೆಯ ಸಮಿತಿಯ ಶಿಫಾರಸಿನ ಮೇಲೆ 1961ರ ಭೂಸುಧಾರಣಾ ಕಾಯ್ದೆ ಬಂತು; ಜಾರಿಗೆ ಬಂದದ್ದು 1965ರಲ್ಲಿ. ಆ ಕಾಯ್ದೆಯಲ್ಲಿ ಧಣಿ ತಾನೇ ಸಾಗುವಳಿ ಮಾಡುತ್ತೇನೆಂದು ಹೇಳಿ ಜಮೀನು ವಾಪಸು ಪಡೆಯುವ ದಾರಿ ಇತ್ತು. ಕಾನೂನು ಪಾಸಾಗಿ ಜಾರಿಯಾಗುವ ನಡುವಿನ ನಾಲ್ಕು ವರ್ಷ ಯಾರಿಗೆ ಅನುಕೂಲವಾಗಿರಬೇಕು ಎಂಬುದನ್ನು ಬಿಡಿಸಿ ಹೇಳಬೇಕಿಲ್ಲ. ಬಾಯಿಮಾತಿನ ಗೇಣಿಯಲ್ಲಿದ್ದವನಿಗೆ ರಶೀದಿ ಇಲ್ಲ, ಚೀಟಿ ಇಲ್ಲ, ಕೋರ್ಟಿಗೆ ಹೋಗಲು ದುಡ್ಡೂ ಇಲ್ಲ. ದಕ್ಷಿಣ ಕನ್ನಡದಲ್ಲಿ ಮೂಲಗೇಣಿಯವನಿಗೆ ಅಷ್ಟಿಷ್ಟು ಭದ್ರತೆ ಇದ್ದರೆ, ಚಾಲಗೇಣಿಯವನು ಪ್ರತಿವರ್ಷ ಅಕ್ಕಿಮುಡಿ ಅಳೆದುಕೊಟ್ಟೂ ಧಣಿಯ ಮರ್ಜಿಯಲ್ಲೇ ಬದುಕಬೇಕಿತ್ತು. ಮಳೆ ಕೈಕೊಟ್ಟ ವರ್ಷವೂ ಗೇಣಿ ನಿಲ್ಲುತ್ತಿರಲಿಲ್ಲ.

1972ರ ಮಾರ್ಚ್‌ನಲ್ಲಿ ಮುಖ್ಯಮಂತ್ರಿಯಾದ ಅರಸು ತಂದ ತಿದ್ದುಪಡಿ 1974ರ ಮಾರ್ಚ್ 1ರಂದು ಜಾರಿಗೆ ಬಂತು. ಅದರ ಒಂದು ಸಾಲು ಹಿಂದಿನ ದಾರಿಗಳನ್ನೆಲ್ಲ ಮುಚ್ಚಿತು: ಅಂದಿನಿಂದ ಗೇಣಿಗೆ ಕೊಟ್ಟ ಜಮೀನೆಲ್ಲ ಸರ್ಕಾರದ್ದು. ಸೈನಿಕರು, ನಾವಿಕರಂಥ ಕೆಲವರಿಗಷ್ಟೇ ವಿನಾಯಿತಿ. ಧಣಿ ವಾಪಸು ಕೇಳುವ ಪ್ರಶ್ನೆಯೇ ಉಳಿಯಲಿಲ್ಲ. ಗೇಣಿದಾರ ಮಾಡಬೇಕಾದದ್ದು ಫಾರಂ ನಂಬರ್ 7 ತುಂಬಿ ಅರ್ಜಿ ಹಾಕುವುದು. ಕರಾವಳಿಯ ಹಿರಿಯರು ಇದನ್ನು ಇಂದಿಗೂ ‘ಡಿಕ್ಲರೇಶನ್ ಕೊಟ್ಟದ್ದು’ ಎನ್ನುತ್ತಾರೆ.

ಅರ್ಜಿ ಹೋಗುತ್ತಿದ್ದದ್ದು ತಾಲ್ಲೂಕಿನ ಭೂ ನ್ಯಾಯಮಂಡಳಿಗೆ. ಅದಕ್ಕೆ ಅಸಿಸ್ಟೆಂಟ್ ಕಮಿಷನರ್ ಅಧ್ಯಕ್ಷ, ಸರ್ಕಾರ ನೇಮಿಸಿದ ನಾಲ್ವರು ಸಾರ್ವಜನಿಕರು ಸದಸ್ಯರು. ಆ ನಾಲ್ವರಲ್ಲಿ ಒಬ್ಬರಾದರೂ ಪರಿಶಿಷ್ಟ ಜಾತಿ ಅಥವಾ ಪಂಗಡದವರಿರಬೇಕೆಂಬ ನಿಯಮ. ಅಲ್ಲಿ ವಕೀಲರಿಗೆ ಪ್ರವೇಶವಿರಲಿಲ್ಲ. ಸಿವಿಲ್ ಕೋರ್ಟಿಗೆ ಅಧಿಕಾರವಿರಲಿಲ್ಲ. ಮೊದಲ ವರ್ಷಗಳಲ್ಲಿ ಮೇಲ್ಮನವಿಗೂ ಅವಕಾಶವಿಲ್ಲ. ತಕರಾರಿದ್ದವರು ಹೈಕೋರ್ಟಿನಲ್ಲಿ ರಿಟ್ ಹಾಕಬೇಕಿತ್ತು. ಕಾನೂನು ಬಲ್ಲವರಿಗೆ ಇದು ಒರಟಾಗಿ ಕಂಡಿತು. ಅವರ ಆಕ್ಷೇಪದಲ್ಲಿ ಹುರುಳೂ ಇತ್ತು, ಏಕೆಂದರೆ ಸದಸ್ಯರನ್ನು ನೇಮಿಸುವುದು ಆಳುವ ಪಕ್ಷವೇ. ಆದರೆ ಅಕ್ಷರ ಬಾರದ ಒಕ್ಕಲು ಧಣಿಯ ಎದುರು ನಿಂತು ತನ್ನ ಮಾತಿನಲ್ಲೇ ‘ಈ ಗದ್ದೆ ಮಾಡುತ್ತಿರುವುದು ನಾನು’ ಎಂದು ಹೇಳಲು ಆದದ್ದು ಈ ಏರ್ಪಾಡಿನಿಂದ. ಕಾಗದ ಇಲ್ಲದಿದ್ದರೆ ನೆರೆಹೊರೆಯವರ ಸಾಕ್ಷ್ಯ ಸಾಕಾಗುತ್ತಿತ್ತು. ದೇಶದ ಬೇರೆ ಹಲವು ರಾಜ್ಯಗಳಲ್ಲಿ ಭೂಸುಧಾರಣೆ ಕೋರ್ಟಿನ ಮೆಟ್ಟಿಲಲ್ಲಿ ಸವೆದುಹೋದ ಕಾಲವದು.

ಇಷ್ಟಾದರೂ ಅರ್ಜಿ ಹಾಕಲು ಹೆದರಿದವರು ಬಹಳ. ಉಪ್ಪು ತಿಂದ ಮನೆಗೆ ಎರಡು ಬಗೆಯಬಾರದೆಂದು ಹಿಂಜರಿದವರಿದ್ದರು, ಧಣಿಗೆ ಅಂಜಿ ಸುಮ್ಮನಾದವರಿದ್ದರು. ಅದಕ್ಕೆಂದೇ ಗಡುವು ಮತ್ತೆ ಮತ್ತೆ ವಿಸ್ತರಣೆಯಾಗಿ ಕೊನೆಗೆ 1979ರ ಜೂನ್ 30ಕ್ಕೆ ನಿಂತಿತು. ಒಟ್ಟು ಅರ್ಜಿ ಸುಮಾರು 8 ಲಕ್ಷ. ಗೇಣಿದಾರರ ಪರವಾಗಿ ಇತ್ಯರ್ಥವಾದದ್ದು 5 ಲಕ್ಷದ ಹತ್ತಿರ. ಕೈ ಬದಲಾದ ಜಮೀನು 20 ಲಕ್ಷ ಎಕರೆಗೂ ಹೆಚ್ಚು. ಅವಿಭಜಿತ ದಕ್ಷಿಣ ಕನ್ನಡ, ಉತ್ತರ ಕನ್ನಡ, ಶಿವಮೊಗ್ಗ ಜಿಲ್ಲೆಗಳಲ್ಲಿ ಇದರ ಪರಿಣಾಮ ಕಣ್ಣಿಗೆ ರಾಚುವಂತಿತ್ತು. ಗೇಣಿ ಅಳೆಯುವ ಚಿಂತೆ ತಪ್ಪಿದ ಮನೆಗಳ ಮಕ್ಕಳು ಶಾಲೆ, ಕಾಲೇಜು, ಬ್ಯಾಂಕು, ಮುಂಬಯಿ, ಗಲ್ಫ್ ಎಂದು ಹರಡಿದ ಕಥೆ ಕರಾವಳಿಯಲ್ಲಿ ಯಾವ ಊರಿಗೆ ಹೋದರೂ ಸಿಗುತ್ತದೆ.

ಅರಸು ಒಬ್ಬರೇ ಇದನ್ನು ಮಾಡಿದರು ಎನ್ನುವುದು ಅರಸು ಅವರಿಗೂ ಅನ್ಯಾಯ. 1951ರಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ದೀವರ ಗೇಣಿದಾರರು ಸತ್ಯಾಗ್ರಹಕ್ಕೆ ಇಳಿದರು. ಗೇಣಿ ಅಳೆಯುವ ಕೊಳಗದ ಅಳತೆಯಿಂದ ಶುರುವಾದ ಜಗಳ ಅದು. ಎಚ್. ಗಣಪತಿಯಪ್ಪ ರೈತರನ್ನು ಸಂಘಟಿಸಿದರು, ಶಾಂತವೇರಿ ಗೋಪಾಲಗೌಡರು ಮತ್ತು ಸಮಾಜವಾದಿ ಗೆಳೆಯರು ಜೊತೆ ನಿಂತರು, ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೊಳಗಾದರು. ಆ ಹೋರಾಟ ಅಂದೇ ಗೆಲ್ಲಲಿಲ್ಲ. ಆದರೆ ಉಳುವವನಿಗೆ ಭೂಮಿ ಎಂಬ ಮಾತನ್ನು ರಾಜ್ಯದ ರಾಜಕೀಯದಲ್ಲಿ ಯಾರೂ ತಳ್ಳಿಹಾಕದಂತೆ ಮಾಡಿತು. ಗೋಪಾಲಗೌಡರು ತೀರಿಕೊಂಡದ್ದು 1972ರ ಜೂನ್ 9ರಂದು, ಅರಸು ಅಧಿಕಾರಕ್ಕೆ ಬಂದು ಮೂರು ತಿಂಗಳು ತುಂಬುವ ಮೊದಲು. ಕಾಯ್ದೆಯನ್ನು ಅವರು ನೋಡಲಿಲ್ಲ. ಇಬ್ಬರ ಪುಣ್ಯತಿಥಿಗಳ ನಡುವೆ ಮೂರೇ ದಿನದ ಅಂತರವಿದೆ. ಒಬ್ಬರು ವಿರೋಧ ಪಕ್ಷದ ಬೆಂಚಿನಲ್ಲಿ ಕೇಳಿದ್ದನ್ನು ಇನ್ನೊಬ್ಬರು ಮುಖ್ಯಮಂತ್ರಿಯ ಕುರ್ಚಿಯಿಂದ ಮಾಡಿದರು. ಜೂನ್‌ನ ಆ ವಾರದಲ್ಲಿ ಇಬ್ಬರನ್ನೂ ಒಂದೇ ಸಭೆಯಲ್ಲಿ ನೆನೆಯುವ ರೂಢಿ ನಾಡಿನಲ್ಲಿ ಬೆಳೆಯಬೇಕಿತ್ತು.

ಅರಸು ನೇಮಿಸಿದ ಹಿಂದುಳಿದ ವರ್ಗಗಳ ಆಯೋಗದ, ಅಂದರೆ ಹಾವನೂರು ಆಯೋಗದ, ಕಥೆಯೂ ಹೀಗೇ, ಭಾಷಣಗಳಲ್ಲಿ ಹೆಸರು ಮಾತ್ರ ಉಳಿದಿದೆ. ಹಿಂದುಳಿದವರಿಗೆ ಮೀಸಲು ಎಂಬುದು ಮೈಸೂರಿಗೆ ಹೊಸದಲ್ಲ. ಮಹಾರಾಜರ ಕಾಲದಲ್ಲೇ ಮಿಲ್ಲರ್ ಸಮಿತಿ ಅದರ ದಾರಿ ತೋರಿತ್ತು. ಆದರೆ ನಾಗನಗೌಡ ಸಮಿತಿಯ ಶಿಫಾರಸಿನ ಮೇಲೆ ಹೊರಟ ಆದೇಶವನ್ನು ಸುಪ್ರೀಂ ಕೋರ್ಟ್ ಬಾಲಾಜಿ ಪ್ರಕರಣದಲ್ಲಿ ಹೊಡೆದುಹಾಕಿತ್ತು. ಜಾತಿಯೊಂದನ್ನೇ ಅಳತೆಗೋಲು ಮಾಡಿದ್ದು, ಅರ್ಧಕ್ಕಿಂತ ಹೆಚ್ಚು ಸ್ಥಾನ ಮೀಸಲಿಟ್ಟದ್ದು ಎರಡೂ ಸರಿಯಲ್ಲ ಎಂದಿತ್ತು. ಆದ್ದರಿಂದ 1972ರಲ್ಲಿ ನೇಮಕವಾದ ಆಯೋಗದ ಮುಂದಿದ್ದ ಕೆಲಸ ಕೋರ್ಟಿನಲ್ಲಿ ನಿಲ್ಲುವಂಥ ಪುರಾವೆ ಒದಗಿಸುವುದು. ಅಧ್ಯಕ್ಷರಾದ ಎಲ್.ಜಿ. ಹಾವನೂರು ವಕೀಲರು, ರಾಣೆಬೆನ್ನೂರಿನ ಕಡೆಯವರು, ನಾಯಕ ಸಮುದಾಯದಲ್ಲಿ ಹುಟ್ಟಿದವರು. ಆಯೋಗ ಹಳ್ಳಿ, ಪಟ್ಟಣಗಳಲ್ಲಿ ಸಮೀಕ್ಷೆ ನಡೆಸಿತು. ಎಸ್ಸೆಸ್ಸೆಲ್ಸಿ ಪಾಸಾದವರಲ್ಲಿ ಯಾವ ಜಾತಿಯವರು ಎಷ್ಟು, ಸರ್ಕಾರಿ ನೌಕರಿಯಲ್ಲಿ ಯಾರು ಎಷ್ಟು ಎಂದು ಲೆಕ್ಕ ಹಾಕಿತು. 1975ರ ನವೆಂಬರ್‌ನಲ್ಲಿ ವರದಿ ಬಂತು.

ಹಿಂದುಳಿದವರೆಲ್ಲ ಒಂದೇ ಮಟ್ಟದಲ್ಲಿಲ್ಲ ಎಂದು ವರದಿ ಕಂಡುಕೊಂಡಿತು. ಹಿಂದುಳಿದ ಸಮುದಾಯ, ಹಿಂದುಳಿದ ಜಾತಿ, ಹಿಂದುಳಿದ ಬುಡಕಟ್ಟು ಎಂದು ಮೂರು ಭಾಗ ಮಾಡಿ, ಬಲಾಢ್ಯರ ನಡುವೆ ಸಣ್ಣವರು ನಲುಗದಂತೆ ಪಾಲು ಬೇರೆ ಮಾಡಿತು. ಇಂದು ಕಾಲೇಜು ಅರ್ಜಿಯಲ್ಲಿ ಪ್ರವರ್ಗ 1, 2ಎ ಎಂದು ಬರೆಯುವ ವಿದ್ಯಾರ್ಥಿ ಆ ವಿಂಗಡಣೆಯ ಮುಂದುವರಿಕೆಯನ್ನೇ ಬರೆಯುತ್ತಿದ್ದಾನೆ. ಲಿಂಗಾಯತರನ್ನು ಪಟ್ಟಿಯಿಂದ ಹೊರಗಿಟ್ಟದ್ದು ದೊಡ್ಡ ಗಲಾಟೆಗೆ ಕಾರಣವಾಯಿತು. ರಾಜ್ಯ ಏಕೀಕರಣವಾದ ಮೇಲೆ 1971ರ ತನಕ ಮುಖ್ಯಮಂತ್ರಿಗಳಾದ ನಿಜಲಿಂಗಪ್ಪ, ಜತ್ತಿ, ಎಸ್.ಆರ್. ಕಂಠಿ, ವೀರೇಂದ್ರ ಪಾಟೀಲ ಎಲ್ಲರೂ ಅದೇ ಸಮುದಾಯದವರು ಎಂಬುದನ್ನು ನೆನಪಿಟ್ಟರೆ ಅರಸು ತೆಗೆದುಕೊಂಡ ರಾಜಕೀಯ ಅಪಾಯ ಎಷ್ಟೆಂದು ತಿಳಿಯುತ್ತದೆ. ಅವರದು ಸಂಖ್ಯೆಯಲ್ಲಿ ತೀರ ಸಣ್ಣ ಅರಸು ಸಮುದಾಯ. ಸ್ವಂತ ಜಾತಿಯ ಮತವನ್ನು ನಂಬಿ ಒಂದು ಕ್ಷೇತ್ರವನ್ನೂ ಗೆಲ್ಲಲಾಗದವರು ಸಣ್ಣಪುಟ್ಟ ಜಾತಿಗಳನ್ನೆಲ್ಲ ಕೂಡಿಸಿ ರಾಜ್ಯವನ್ನೇ ಗೆದ್ದರು.

ಮೆಚ್ಚಿದ ನಾಯಕನನ್ನು ನೆನೆಯುವಾಗ ಅವರು ತಲುಪದ ಜಾಗವನ್ನೂ ನೋಡಬೇಕು. ಶಿವರಾಮ ಕಾರಂತರ ‘ಚೋಮನ ದುಡಿ’ಯ ಚೋಮ ಒಂದು ತುಂಡು ಭೂಮಿಗೆ ಹಂಬಲಿಸಿ ಸತ್ತವನು. ಬಿ.ವಿ. ಕಾರಂತರು ಅದನ್ನು ಸಿನಿಮಾ ಮಾಡಿದ್ದು 1975ರಲ್ಲಿ, ನ್ಯಾಯಮಂಡಳಿಗಳು ಅರ್ಜಿ ವಿಚಾರಿಸುತ್ತಿದ್ದ ಕಾಲದಲ್ಲೇ. ಅದಕ್ಕೆ ಸ್ವರ್ಣಕಮಲವೂ ಸಿಕ್ಕಿತು. ಚೋಮ ಆಗ ಬದುಕಿದ್ದರೆ ಫಾರಂ 7 ತುಂಬಬಹುದಿತ್ತೇ? ಇಲ್ಲ. ಅವನು ಗೇಣಿದಾರನಲ್ಲ, ಧಣಿಯ ಮೂಲದ ಆಳು. ಕಾಯ್ದೆ ಭೂಮಿ ಕೊಟ್ಟದ್ದು ಗೇಣಿಗೆ ಹಿಡಿದವರಿಗೆ. ಕೂಲಿಯವರಿಗೆ ವಾಸದ ಮನೆ ಮತ್ತು ಅದರ ಅಡಿಯ ಜಾಗದ ಹಕ್ಕು ಸಿಕ್ಕೀತು, ಹೊಲ ಸಿಗಲಿಲ್ಲ. ಭೂಮಿತಿ ಮೀರಿದ ಜಮೀನನ್ನು ಹಂಚುವ ಭಾಗ ಇದರಲ್ಲಿ ಬಹಳ ಸೊರಗಿತು. ಐದು ಜನರ ಕುಟುಂಬಕ್ಕೆ 10 ಯೂನಿಟ್ ಮಿತಿ, ಒಣಭೂಮಿಯಾದರೆ ಅದು 54 ಎಕರೆಯವರೆಗೆ. ಕುಟುಂಬ ಒಡೆದಂತೆ ಕಾಗದದ ಮೇಲೆ ತೋರಿಸಿ ದೊಡ್ಡ ಹಿಡುವಳಿಗಳು ಉಳಿದುಕೊಂಡವು. ಮೈದಾನ ಸೀಮೆಯ ದಲಿತ ಕೂಲಿಯವರ ಪಾಲಿಗೆ ಅರಸು ಯುಗದ ಭೂಸುಧಾರಣೆ ಬೇರೆ ಊರಿನ ಸುದ್ದಿಯಾಗಿಯೇ ಉಳಿಯಿತು.

ಇನ್ನೊಂದು ನೋವೂ ಇದೆ. ಗೇಣಿಗೆ ಕೊಟ್ಟವರೆಲ್ಲ ದೊಡ್ಡ ಧಣಿಗಳಾಗಿರಲಿಲ್ಲ. ಎರಡು ಎಕರೆ ಗೇಣಿಗೆ ಕೊಟ್ಟು ಅದರ ಅಕ್ಕಿಯಲ್ಲೇ ದಿನ ದೂಡುತ್ತಿದ್ದ ವಿಧವೆಯರು, ಪೂಜೆಯ ಬಡ ಕುಟುಂಬಗಳು ಕೂಡ ಜಮೀನು ಕಳೆದುಕೊಂಡರು. ಅವರ ಮಾತನ್ನು ಧಣಿಗಳ ಗೊಣಗಾಟವೆಂದು ತಳ್ಳಿಹಾಕಿದರೆ ಇತಿಹಾಸ ಪೂರ್ತಿಯಾಗುವುದಿಲ್ಲ.

ದಲಿತರ ವಿಷಯದಲ್ಲಿ ಅರಸು ಕಾಲದ ಲೆಕ್ಕ ಏರುಪೇರಿನದು. ಅವರ ಸಂಪುಟದ ಬಿ. ಬಸವಲಿಂಗಪ್ಪ ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ನಿಲ್ಲಿಸಿದರು. ಅದೇ ಬಸವಲಿಂಗಪ್ಪ 1973ರಲ್ಲಿ ಕನ್ನಡ ಸಾಹಿತ್ಯದ ಬಗ್ಗೆ ಆಡಿದ ‘ಬೂಸಾ’ ಮಾತಿಗೆ ಬೀದಿಯಲ್ಲಿ ಗಲಭೆಯಾದಾಗ ಮಂತ್ರಿಪದವಿ ಬಿಟ್ಟು ಹೋಗಬೇಕಾಯಿತು. ಅರಸು ತಮ್ಮ ಮಂತ್ರಿಯನ್ನು ಉಳಿಸಿಕೊಳ್ಳಲಿಲ್ಲ. ಆ ಸಿಟ್ಟಿನಲ್ಲೇ ದಲಿತ ಚಳವಳಿ ನಾಡಿನಲ್ಲಿ ಬಲಗೊಂಡಿತು. ಮುಂದೆ 1978ರಲ್ಲಿ ಅರಸು ಸರ್ಕಾರವೇ ಇನ್ನೊಂದು ಕಾಯ್ದೆ ತಂದಿತು. ಪರಿಶಿಷ್ಟರಿಗೆ ಸರ್ಕಾರ ಮಂಜೂರು ಮಾಡಿದ ಜಮೀನನ್ನು ಷರತ್ತು ಮೀರಿ ಬೇರೆಯವರು ಬರೆಸಿಕೊಂಡಿದ್ದರೆ ಅದನ್ನು ವಾಪಸು ಕೊಡಿಸುವ ಈ ಕಾಯ್ದೆಯನ್ನು ಜನ ಪಿಟಿಸಿಎಲ್ ಎಂದೇ ಕರೆಯುತ್ತಾರೆ. ಅರಸು ಬಗೆಗಿನ ಭಾಷಣಗಳಲ್ಲಿ ಇದರ ಹೆಸರು ಅಪರೂಪ. ಆದರೆ ಅಸಿಸ್ಟೆಂಟ್ ಕಮಿಷನರ್ ಕಚೇರಿಗಳಲ್ಲಿ ಇಂದಿಗೂ ಇದರ ಅಡಿ ಪ್ರಕರಣಗಳು ನಡೆಯುತ್ತಿವೆ. ಅರ್ಜಿ ಹಾಕಲು ತಡವಾಯಿತೆಂಬ ಕಾರಣಕ್ಕೆ ಕೋರ್ಟುಗಳಲ್ಲಿ ಸೋಲುತ್ತಿದ್ದವರಿಗಾಗಿ 2023ರಲ್ಲಿ ವಿಧಾನಮಂಡಲ ಕಾಲಮಿತಿ ಇಲ್ಲವೆಂದು ತಿದ್ದುಪಡಿ ಮಾಡಬೇಕಾಯಿತು.

ತುರ್ತು ಪರಿಸ್ಥಿತಿಯನ್ನು ಮರೆಸಿ ಅರಸು ಅವರನ್ನು ಮೆರೆಸುವುದು ಸಾಧ್ಯವಿಲ್ಲ. 1975ರ ಜೂನ್‌ನಲ್ಲಿ ಸಂಸದೀಯ ಸಮಿತಿಯ ಕೆಲಸಕ್ಕೆ ಬೆಂಗಳೂರಿಗೆ ಬಂದಿದ್ದ ವಾಜಪೇಯಿ, ಅಡ್ವಾಣಿ, ಮಧು ದಂಡವತೆ ಇಲ್ಲೇ ಬಂಧನವಾದರು. ನಟಿ ಸ್ನೇಹಲತಾ ರೆಡ್ಡಿ ಬೆಂಗಳೂರು ಜೈಲಿನಲ್ಲಿ ಆಸ್ತಮಾದಿಂದ ನರಳಿ, ಪೆರೋಲ್ ಮೇಲೆ ಹೊರಬಂದ ಕೆಲವೇ ದಿನಗಳಲ್ಲಿ, 1977ರ ಜನವರಿಯಲ್ಲಿ ತೀರಿಕೊಂಡರು. ಆಗ ಮುಖ್ಯಮಂತ್ರಿ ಅರಸು. ಬಡವರ ಪರ ಕಾನೂನುಗಳು ಜಾರಿಯಾಗುತ್ತಿದ್ದದ್ದೂ ಅವರ ಆಡಳಿತದಲ್ಲೇ, ಈ ಸಾವು ಆದದ್ದೂ ಅವರ ಆಡಳಿತದಲ್ಲೇ. ಎರಡರಲ್ಲಿ ಒಂದನ್ನು ಮುಚ್ಚಿಟ್ಟು ಬರೆದ ಜೀವನಚರಿತ್ರೆ ನಂಬಿಕೆಗೆ ಅರ್ಹವಲ್ಲ. ಭ್ರಷ್ಟಾಚಾರದ ಆರೋಪಗಳೂ ಇದ್ದವು. 1977ರಲ್ಲಿ ಕೇಂದ್ರದ ಜನತಾ ಸರ್ಕಾರ ಗ್ರೋವರ್ ಆಯೋಗ ನೇಮಿಸಿತು. ಅದನ್ನು ಪ್ರಶ್ನಿಸಿ ಕರ್ನಾಟಕ ಸುಪ್ರೀಂ ಕೋರ್ಟಿಗೆ ಹೋಗಿ ಸೋತಿತು. ರಾಜ್ಯಗಳ ಅಧಿಕಾರದ ಚರ್ಚೆಯಲ್ಲಿ ಆ ತೀರ್ಪನ್ನು ಇಂದಿಗೂ ಉಲ್ಲೇಖಿಸುತ್ತಾರೆ.

ಜನ ಅವರನ್ನು ಕೈಬಿಟ್ಟ ಬಗೆ ಇನ್ನೂ ವಿಚಿತ್ರ. ದೇಶದ ಉತ್ತರ ಭಾಗದಲ್ಲಿ ಕಾಂಗ್ರೆಸ್ ಕೊಚ್ಚಿಹೋದ 1977ರಲ್ಲಿ ಕರ್ನಾಟಕ 28ರಲ್ಲಿ 26 ಲೋಕಸಭಾ ಸ್ಥಾನ ಕೊಟ್ಟಿತು. 1978ರ ಫೆಬ್ರುವರಿಯ ವಿಧಾನಸಭಾ ಚುನಾವಣೆಯಲ್ಲಿ ಅರಸು ನೇತೃತ್ವದ ಇಂದಿರಾ ಕಾಂಗ್ರೆಸ್ 224ರಲ್ಲಿ 149 ಗೆದ್ದಿತು. ಅದೇ ನವೆಂಬರ್‌ನಲ್ಲಿ ಚಿಕ್ಕಮಗಳೂರಿನಲ್ಲಿ ಇಂದಿರಾ ಗಾಂಧಿಯವರನ್ನು ನಿಲ್ಲಿಸಿ ಗೆಲ್ಲಿಸಿದ್ದೂ ಇಲ್ಲಿನ ಬಲವೇ. ಮರುವರ್ಷ ಇಬ್ಬರೂ ಬೇರೆಯಾದರು. 1980ರ ಜನವರಿಯ ಲೋಕಸಭಾ ಚುನಾವಣೆಯಲ್ಲಿ ಇಂದಿರಾ ಪಕ್ಷಕ್ಕೆ 27 ಸ್ಥಾನ, ಅರಸು ಪಕ್ಷಕ್ಕೆ ಒಂದೂ ಇಲ್ಲ. ಶಾಸಕರು ರಾತ್ರಿ ಬೆಳಗಾಗುವುದರೊಳಗೆ ಪಕ್ಷ ಬದಲಿಸಿದರು, ಅರಸು ರಾಜೀನಾಮೆ ಕೊಟ್ಟರು, ಗುಂಡೂರಾವ್ ಬಂದರು. ಫಾರಂ 10 ಕೈಯಲ್ಲಿದ್ದ ರೈತರೂ ತಮಗೆ ಭೂಮಿ ಕೊಟ್ಟದ್ದು ಇಂದಿರಮ್ಮ ಎಂದೇ ನಂಬಿ ಮತ ಹಾಕಿದ್ದರು. ಏಳು ವರ್ಷ ಪ್ರತಿಯೊಂದು ಯೋಜನೆಯನ್ನೂ ಇಂದಿರಾ ಹೆಸರಿನಲ್ಲಿ ಜನರ ಮುಂದಿಟ್ಟವರು ಅರಸು ಅವರೇ ಆಗಿದ್ದರು. ಕಿತ್ತುಕೊಂಡ ಬೆಂಬಲ ಮರಳಿ ಬರುವ ಲಕ್ಷಣ ಕಂಡದ್ದು ಅವರು ಹೋದ ಮೇಲೆ. 1983ರ ಜನವರಿಯಲ್ಲಿ ಬಂಗಾರಪ್ಪ ಮುಂದಾಳತ್ವದ ಕ್ರಾಂತಿರಂಗ ಜನತಾ ಪಕ್ಷದ ಜೊತೆ ಸೇರಿ ಕಾಂಗ್ರೆಸ್ಸನ್ನು ಸೋಲಿಸಿತು. ರಾಮಕೃಷ್ಣ ಹೆಗಡೆ ರಾಜ್ಯದ ಮೊದಲ ಕಾಂಗ್ರೆಸ್ಸೇತರ ಮುಖ್ಯಮಂತ್ರಿಯಾದರು.

ಅರಸು ಕಟ್ಟಿದ್ದರಲ್ಲಿ ಒಂದು ಗೋಡೆ ಈಗ ಬಿದ್ದಿದೆ. ಭೂಸುಧಾರಣಾ ಕಾಯ್ದೆಯ 2020ರ ತಿದ್ದುಪಡಿ 79ಎ, 79ಬಿ ಕಲಂಗಳನ್ನು ತೆಗೆದು, ಕೃಷಿಕರಲ್ಲದವರೂ ಆದಾಯದ ಮಿತಿಯಿಲ್ಲದೆ ಕೃಷಿಭೂಮಿ ಕೊಳ್ಳುವಂತೆ ಮಾಡಿತು. ಬೇಸಾಯಕ್ಕೆ ಹೊಸಬರು ಬರಲಿ ಎಂಬ ವಾದ ಅದಕ್ಕಿತ್ತು. ನಗರಗಳ ಸುತ್ತ ಭೂಮಿ ಹೂಡಿಕೆಯ ಸರಕಾಗುವುದನ್ನು ಕಂಡವರಿಗೆ ಆ ವಾದ ಒಪ್ಪಿಗೆಯಾಗುವುದು ಕಷ್ಟ. ಅದನ್ನು ವಿರೋಧಿಸಿದವರೂ ಬೆಂಬಲಿಸಿದವರೂ ಪ್ರತಿ ಆಗಸ್ಟ್ 20ರಂದು ಅದೇ ಪ್ರತಿಮೆಗೆ ಹಾರ ಹಾಕುತ್ತಾರೆ. ವರ್ಷಕ್ಕೊಂದು ದಿನ ವಿಧಾನಮಂಡಲ ಆ ಕಾಯ್ದೆಗಳ ಇಂದಿನ ಸ್ಥಿತಿಯನ್ನು ಚರ್ಚೆಗೆ ಎತ್ತಿಕೊಂಡರೆ ಹಾರಕ್ಕಿಂತ ದೊಡ್ಡ ಗೌರವವಾಗುತ್ತದೆ: ಎಷ್ಟು ಪಿಟಿಸಿಎಲ್ ಪ್ರಕರಣ ಬಾಕಿ, ಎಷ್ಟು ಭೂರಹಿತರಿಗೆ ಜಮೀನು ಸಿಕ್ಕಿದೆ, ಭೂಮಿತಿ ಇನ್ನೂ ಲೆಕ್ಕಕ್ಕಿದೆಯೇ.

ಓದುಗರು ಮಾಡಬಹುದಾದದ್ದೂ ಒಂದಿದೆ. 1974ರಲ್ಲಿ ಅರ್ಜಿ ಹಿಡಿದು ತಾಲ್ಲೂಕು ಕಚೇರಿಗೆ ನಡೆದವರಲ್ಲಿ ತೀರ ಎಳೆಯರಾಗಿದ್ದವರಿಗೂ ಈಗ ಎಪ್ಪತ್ತು ದಾಟಿದೆ. ನ್ಯಾಯಮಂಡಳಿಯ ಮುಂದೆ ಅಪ್ಪ ಏನು ಹೇಳಿದ, ಧಣಿಯ ಮನೆಯಲ್ಲಿ ಏನಾಯಿತು, ಯಾರು ಸಾಕ್ಷಿ ಹೇಳಿದರು, ಯಾರು ಹೆದರಿ ಹಿಂದೆ ಸರಿದರು ಎಂಬುದು ಗೊತ್ತಿರುವುದು ಅವರಿಗೆ ಮಾತ್ರ. ಜಮೀನು ಪಡೆದ ಮನೆಯಾಗಲಿ, ಕಳೆದುಕೊಂಡ ಮನೆಯಾಗಲಿ, ಆ ಹಿರಿಯರನ್ನು ಕೂರಿಸಿ ಮಾತಾಡಿಸಿ, ಬರೆದಿಡಿ, ಪೆಟ್ಟಿಗೆಯ ಆ ಕಾಗದದ ಪ್ರತಿ ತೆಗೆದಿಡಿ. ಈ ಕೆಲಸಕ್ಕೆ ಮುಂದಿನ ಆಗಸ್ಟ್‌ವರೆಗೆ ಕಾಯಬೇಡಿ.